ಕೋರ್ಟಿನ ವಾಯಿದೆ ತಪ್ಪಿಸಬೇಡಿ



ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನವೇ ಕೋರ್ಟಿನ ವಾಯಿದೆಯೂ ಬಂದರೆ ಏನು ಮಾಡುತ್ತೀರಿ? "ಇದೊಂದು ಸಲ ಹೋಗದಿದ್ದರೆ ಏನಾದೀತು" ಎಂದು ಮನೆಯಲ್ಲೇ ಉಳಿಯುತ್ತೀರಾ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೈತರೆಲ್ಲರೂ ಇದನ್ನು ತಿಳಿದಿರಬೇಕು.

ಜಮೀನಿನ ದಾವೆಯಲ್ಲಿ ಪ್ರತಿವಾದಿ ಬಂದು, ದಾವೆ ಹೂಡಿದವರೇ ಬಾರದಿದ್ದರೆ ದಾವೆ ವಜಾ ಆಗುತ್ತದೆ. ಪ್ರತಿವಾದಿ ಬಾರದಿದ್ದರೆ ಒಂದೇ ಕಡೆಯ ಮಾತು ಕೇಳಿ ಡಿಕ್ರಿ ಆಗಬಹುದು. ಸಮನ್ಸು ಬೇಡವೆಂದರೂ ಬಿಡುಗಡೆಯಿಲ್ಲ. ಅಮೀನರು ಅದನ್ನು ಬಾಗಿಲಿಗೆ ಅಂಟಿಸಿ ಹೋಗಬಹುದು.

ಕ್ರಿಮಿನಲ್ ಮೊಕದ್ದಮೆ ಇನ್ನೂ ಕಠಿಣ. ಆಪಾದಿತರು ಬಾರದಿದ್ದರೆ ವಾರಂಟು ಹೊರಡಬಹುದು. ಜಾಮೀನು ನಿಂತ ನೆರೆಯವರೂ ಹಣ ಕಟ್ಟಬೇಕಾದೀತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮಿನಂತೆ, ಜಾಮೀನಿನ ಮೇಲಿದ್ದು ತಕ್ಕ ಕಾರಣವಿಲ್ಲದೆ ಗೈರಾದವರಿಗೆ 1 ವರ್ಷದವರೆಗೆ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ ಆಗಬಹುದು.

ಹೋಗಲಾಗದಿದ್ದರೆ ಮೊದಲೇ ವಕೀಲರಿಗೆ ತಿಳಿಸಿ, ಅರ್ಜಿ ಹಾಕಿಸಿ. ಕಾಯಿಲೆಯಾದರೆ ಡಾಕ್ಟರ ಚೀಟಿ ಇಟ್ಟುಕೊಳ್ಳಿ. ವಾಯಿದೆ ತಪ್ಪಿಹೋಗಿದ್ದರೂ ಎದೆಗುಂದಬೇಡಿ. ದಾವೆ ವಜಾ ಆಗಿದ್ದರೆ, ಇಲ್ಲವೆ ಏಕಪಕ್ಷೀಯ ಡಿಕ್ರಿ ಆಗಿದ್ದರೆ, ಅದನ್ನು ರದ್ದು ಮಾಡಲು 30 ದಿನದೊಳಗೆ ಅರ್ಜಿ ಕೊಡಬಹುದು. ಸಮನ್ಸು ಸರಿಯಾಗಿ ಮುಟ್ಟದೆ ಡಿಕ್ರಿ ಆಗಿದ್ದರೆ, ವಿಷಯ ತಿಳಿದ ದಿನದಿಂದ 30 ದಿನ ಎಣಿಸಬೇಕು. ಗೈರಾದ ಕಾರಣ ಮಾತ್ರ ಕೋರ್ಟಿಗೆ ಒಪ್ಪಿಗೆಯಾಗಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೇ? ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಒಂದು ಬೆಳೆ ಗೂಡು ಹೋದರೆ ಇನ್ನೊಂದು ಬೆಳೆ ಬಂದೀತು. ಹೊಲವೇ ಹೋದರೆ ಮತ್ತೆ ಬರುವುದೇ?