ಒಂದೇ ನದಿ, ಎರಡು ಬಗೆಯ ಬೆಳವಣಿಗೆ

ಪ್ರಶ್ನೆ: ಗಡಿಯ ಆಚೀಚೆ ಅಂಟಿಕೊಂಡೇ ಇರುವ ಎರಡು ಊರುಗಳಲ್ಲಿ ಒಂದು ಮಾತ್ರ ಜನರಿಂದ ಕಿಕ್ಕಿರಿಯುವುದೇಕೆ?

ಉತ್ತರ: ಅಮೆರಿಕದ ಎಲ್ ಪಾಸೊ, ಮೆಕ್ಸಿಕೋದ ಸಿಯುದಾದ್ ಹ್ವಾರೆಸ್ ನಗರಗಳನ್ನೇ ನೋಡಿ. ನಡುವೆ ಇರುವುದು ರಿಯೊ ಗ್ರಾಂಡೆ ನದಿ, ಅದರ ಮೇಲೆ ಸೇತುವೆಗಳು. 1950ರಲ್ಲಿ ಎರಡೂ ಹೆಚ್ಚುಕಡಿಮೆ 1.25 ಲಕ್ಷ ಜನರಿದ್ದ ಊರುಗಳು. 2020ರ ಜನಗಣತಿಯ ಹೊತ್ತಿಗೆ ಎಲ್ ಪಾಸೊ ಇನ್ನೂ 7 ಲಕ್ಷ ಮುಟ್ಟಿರಲಿಲ್ಲ, ಹ್ವಾರೆಸ್ 15 ಲಕ್ಷ ದಾಟಿತ್ತು.

ಮೆಕ್ಸಿಕೋದ ಕೂಲಿಕಾರರನ್ನು ಅಮೆರಿಕದ ಹೊಲಗಳಿಗೆ ಕರೆದೊಯ್ಯುತ್ತಿದ್ದ ಒಪ್ಪಂದ 1964ರಲ್ಲಿ ಮುಗಿಯಿತು. ಮರಳಿದವರಿಗೆ ಕೆಲಸ ಬೇಕಲ್ಲ? ಮರುವರ್ಷವೇ ಮೆಕ್ಸಿಕೋ ಗಡಿಯುದ್ದಕ್ಕೂ ‘ಮಾಕಿಲಾದೋರಾ’ ಕಾರ್ಖಾನೆಗಳಿಗೆ ದಾರಿ ಮಾಡಿಕೊಟ್ಟಿತು. ಬಿಡಿಭಾಗಗಳು ಸುಂಕವಿಲ್ಲದೆ ಬರುತ್ತವೆ, ಇಲ್ಲಿ ಜೋಡಣೆಯಾಗಿ ಅಮೆರಿಕಕ್ಕೆ ಮರಳುತ್ತವೆ. ಮೊದಲ ವರ್ಷಗಳಲ್ಲಿ ಕೆಲಸ ಸಿಕ್ಕಿದ್ದು ಹೊಲದಿಂದ ಮರಳಿದ ಗಂಡಸರಿಗಲ್ಲ, ಹೆಚ್ಚಾಗಿ ಯುವತಿಯರಿಗೆ! ದುರಾಂಗೊ, ವೆರಾಕ್ರೂಸ್‌ನಂಥ ಪ್ರಾಂತಗಳಿಂದ ಕುಟುಂಬಗಳು ಹ್ವಾರೆಸ್‌ಗೆ ಬಂದವು. 1994ರ ಮುಕ್ತ ವ್ಯಾಪಾರ ಒಪ್ಪಂದ ಈ ವಲಸೆಗೆ ಇನ್ನಷ್ಟು ವೇಗ ಕೊಟ್ಟಿತು.

ದುಡಿಮೆ ಹ್ವಾರೆಸ್‌ನದು, ಗೋದಾಮು, ಲಾರಿ ಸಾಗಣೆ, ಬ್ಯಾಂಕ್ ವ್ಯವಹಾರದ ಲಾಭದಲ್ಲಿ ಎಲ್ ಪಾಸೊಗೆ ದೊಡ್ಡ ಪಾಲು. ಎಷ್ಟೋ ಮ್ಯಾನೇಜರುಗಳು ಅಲ್ಲೇ ಮನೆ ಮಾಡಿಕೊಂಡು, ಬೆಳಗ್ಗೆ ಸೇತುವೆ ದಾಟಿ ಬಂದು ಸಂಜೆ ಮರಳುತ್ತಾರೆ. ಇತ್ತ ಹ್ವಾರೆಸ್‌ನ ಪಶ್ಚಿಮ ಅಂಚಿನ ಅನಾಪ್ರಾದಲ್ಲಿ, ಸರಕು ಇಳಿಸಿದ ಮೇಲೆ ಉಳಿದ ಮರದ ಹಲಗೆ, ರಟ್ಟುಗಳಿಂದಲೇ ಕಾರ್ಮಿಕರು ಗೂಡು ಕಟ್ಟಿಕೊಂಡರು. ನಲ್ಲಿ ನೀರಿಗೆ, ಟಾರು ರಸ್ತೆಗೆ ವರ್ಷಗಟ್ಟಲೆ ಕಾದರು.

ಕಾರ್ಖಾನೆ ಜನರನ್ನು ಕರೆಯಿತು, ಆದರೆ ಆ ಜನರಿಗಾಗಿ ಊರು ಕಟ್ಟುವ ಹಣ ಹ್ವಾರೆಸ್‌ನಲ್ಲಿ ಉಳಿಯಲಿಲ್ಲ. ಇದು ನದಿ ಮಾಡಿದ ವ್ಯತ್ಯಾಸವಲ್ಲ, ನೀತಿ ಮಾಡಿದ್ದು.