ಈಜುಕೊಳದ ಪಂಪು: ರಚನೆ, ನಿರ್ವಹಣೆ ಮತ್ತು ಮಕ್ಕಳ ಸುರಕ್ಷತೆ

ಪೀಠಿಕೆ

ಪಂಚಗಂಗೆ ಹಾಗೂ ಹಿರಣ್ಯಕೇಶಿ ನದಿಗಳ ದಡದ ಊರುಗಳಲ್ಲಿ ಬೆಳೆಯುವ ಮಕ್ಕಳಿಗೆ ಈಜು ಹೊಸದಲ್ಲ. ಹಿಂದಿನ ತಲೆಮಾರಿನವರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ, ನದಿಯ ಘಾಟಿನಲ್ಲಿ ಈಜು ಕಲಿತರು. ಈಗ ಕಾಲ ಬದಲಾಗಿದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಲುಷಿತ ನೀರಿನಿಂದ ಕಾಮಾಲೆ ಹಬ್ಬಿದ ಬಳಿಕ ನದಿಯ ನೀರಿನ ಬಗೆಗೆ ಪಾಲಕರ ಎಚ್ಚರ ಹೆಚ್ಚಿತು. ಕೊಲ್ಹಾಪುರದ ವೀರಧವಲ ಖಾಡೆ ಅವರು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿ, 2010ರ ಏಷ್ಯನ್ ಕ್ರೀಡಾಕೂಟದ 50 ಮೀಟರ್ ಬಟರ್‌ಫ್ಲೈ ಈಜಿನಲ್ಲಿ ಕಂಚಿನ ಪದಕ ಗಳಿಸಿದುದು ಈಜುಕೊಳದತ್ತ ಮಕ್ಕಳ ಒಲವನ್ನು ಬೆಳೆಸಿತು. ಬೇಸಿಗೆ ಶಿಬಿರಗಳಲ್ಲಿ ನಾವೇ ಮಕ್ಕಳನ್ನು ಈಜುಕೊಳಕ್ಕೆ ಕರೆದೊಯ್ಯುತ್ತೇವೆ. ಆದರೆ ಆ ನೀರನ್ನು ಶುದ್ಧವಾಗಿಡುವ ಪಂಪಿನ ಬಗೆಗೆ ನಮಗೆ ತಿಳಿದಿರುವುದು ಅತ್ಯಲ್ಪ.

ಕೆಲವು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ ಈ ಅಜ್ಞಾನವು ನನ್ನ ಅನುಭವಕ್ಕೆ ಬಂದಿತು. ಕೊಳದ ಗೋಡೆಯಲ್ಲಿದ್ದ ನೀರು ಹೀರುವ ರಂಧ್ರದ ಜಾಲರಿ ಮುರಿದಿತ್ತು. ಆರನೆಯ ತರಗತಿಯ ಬಾಲಕಿಯೊಬ್ಬಳ ಜಡೆ ಅದರಲ್ಲಿ ಸಿಲುಕಿತು. ನಾವಿಬ್ಬರು ಶಿಕ್ಷಕರು ಅವಳನ್ನು ಎಳೆಯುತ್ತಲೇ ಇದ್ದೆವು. ಕೊಳದ ಕೆಲಸಗಾರನು ಓಡಿಹೋಗಿ ಪಂಪು ನಿಲ್ಲಿಸಿದನು. ಜಡೆ ತಾನಾಗಿಯೇ ಸಡಿಲವಾಯಿತು. ಪಂಪಿನ ಸ್ವಿಚ್ ಎಲ್ಲಿದೆಯೆಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಈ ಲೇಖನವು ಆ ದಿನದ ಪಾಠ.

ಪಂಪು ಕೆಲಸ ಮಾಡುವ ಬಗೆ

‘ಪಂಪು ನೀರನ್ನು ಎಳೆಯುತ್ತದೆ’ ಎಂದು ಮಕ್ಕಳು ಹೇಳುತ್ತಾರೆ. ಈ ಕಲ್ಪನೆಯನ್ನು ಮೊದಲು ತಿದ್ದಬೇಕು. ಪಂಪಿನೊಳಗಿನ ಚಕ್ರ, ಅಂದರೆ ಇಂಪೆಲರ್, ವೇಗವಾಗಿ ತಿರುಗುತ್ತ ನೀರನ್ನು ಹೊರ ಅಂಚಿಗೆ ಎಸೆಯುತ್ತದೆ. ಆಗ ಚಕ್ರದ ನಡುವೆ ಒತ್ತಡ ಕುಸಿಯುತ್ತದೆ. ಕೊಳದ ಮೇಲಿರುವ ವಾತಾವರಣದ ಒತ್ತಡವು ನೀರನ್ನು ಆ ಕಡೆಗೆ ತಳ್ಳುತ್ತದೆ. ಪಂಪಿನ ಒಡಲಲ್ಲಿ ನೀರಿಲ್ಲದೆ ಗಾಳಿ ಮಾತ್ರ ಇದ್ದರೆ, ಹಗುರವಾದ ಗಾಳಿಯನ್ನು ಎಸೆದು ಸಾಕಷ್ಟು ಒತ್ತಡ ಇಳಿಸಲು ಆಗದು. ನಮ್ಮ ಭಾಗದ ರೈತರು ಮೋಟಾರು ಚಾಲೂ ಮಾಡುವ ಮುನ್ನ ಪಂಪಿಗೆ ನೀರು ಹೊಯ್ಯುವುದು ಈ ಕಾರಣಕ್ಕಾಗಿಯೇ.

ಇಂತಹ ಪಂಪುಗಳಿಗೆ ಹೆಸರಾದ ಕಿರ್ಲೋಸ್ಕರವಾಡಿ ನಮ್ಮ ನೆರೆಯ ಸಾಂಗಲಿ ಜಿಲ್ಲೆಯಲ್ಲಿದೆ. ಅದನ್ನು 1910ರಲ್ಲಿ ಸ್ಥಾಪಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ಈಜುಕೊಳದಲ್ಲಿ ನೀರು ತಳದ ಹಾಗೂ ಗೋಡೆಯ ರಂಧ್ರಗಳಿಂದ ಹೊರಟು, ಕೂದಲು ಮತ್ತು ಕಸವನ್ನು ಹಿಡಿಯುವ ಬುಟ್ಟಿಯನ್ನು ದಾಟಿ ಪಂಪಿಗೆ ಬರುತ್ತದೆ. ಅಲ್ಲಿಂದ ಮರಳಿನ ಶೋಧಕದ ಮೂಲಕ ಹಾದು ಮತ್ತೆ ಕೊಳಕ್ಕೆ ಸೇರುತ್ತದೆ. ಪಂಪು ನಿಂತರೆ ಶೋಧನೆಯೂ ನಿಲ್ಲುತ್ತದೆ, ಕ್ಲೋರಿನ್ ಎಲ್ಲೆಡೆಗೆ ಸಮನಾಗಿ ಹರಡುವುದೂ ಇಲ್ಲ.

ಹೀರುವ ರಂಧ್ರದ ಅಪಾಯ

20 ಸೆಂ.ಮೀ. ವ್ಯಾಸದ ರಂಧ್ರದ ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. ಮಗುವಿನ ಮೈ ಅದನ್ನು ಪೂರ್ತಿ ಮುಚ್ಚಿ, ಕೊಳವೆಯೊಳಗಿನ ಒತ್ತಡವು ವಾತಾವರಣದ ಒತ್ತಡದ ಅರ್ಧದಷ್ಟು ಇಳಿಯಿತೆಂದು ಭಾವಿಸೋಣ. ಪ್ರತಿ ಚದರ ಸೆಂ.ಮೀ.ಗೆ ಸುಮಾರು ಅರ್ಧ ಕಿಲೋ ಭಾರದಂತೆ ಒಟ್ಟು 157 ಕಿಲೋ ಭಾರದಷ್ಟು ಬಲ ಆ ಮಗುವನ್ನು ಒತ್ತಿ ಹಿಡಿಯುತ್ತದೆ. ಇಬ್ಬರು ಶಿಕ್ಷಕರ ತೋಳ್ಬಲ ಅದಕ್ಕೆ ಸಾಲದು.

2002ರಲ್ಲಿ ಅಮೆರಿಕದಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಬಾಲಕಿ ಇಂತಹ ರಂಧ್ರದ ಸೆಳೆತಕ್ಕೆ ಸಿಕ್ಕಿ ಮುಳುಗಿ ಸತ್ತಳು. ಅವಳ ಹೆಸರಿನಲ್ಲಿಯೇ 2007ರಲ್ಲಿ ಆ ದೇಶವು ಸುರಕ್ಷಿತ ಜಾಲರಿಯನ್ನು ಕಡ್ಡಾಯಗೊಳಿಸುವ ಕಾನೂನು ಮಾಡಿತು. ಉಬ್ಬಿದ ಜಾಲರಿಯನ್ನು ಮೈಯಿಂದ ಪೂರ್ತಿ ಮುಚ್ಚಲಾಗದು. ಒಂದಕ್ಕೊಂದು ದೂರವಿರುವ ಎರಡು ರಂಧ್ರಗಳನ್ನು ಒಂದೇ ಪಂಪಿಗೆ ಜೋಡಿಸಿದ್ದರೆ, ಒಂದು ಮುಚ್ಚಿದರೂ ಇನ್ನೊಂದರಿಂದ ನೀರು ಹರಿದು ಸೆಳೆತ ಏರುವುದಿಲ್ಲ.

ನೆನಪಿಡಬೇಕಾದ ನಿಯಮ ಒಂದೇ: ಮಗು ಸಿಲುಕಿದರೆ ಮೊದಲು ಪಂಪು ನಿಲ್ಲಿಸಬೇಕು. ಒಬ್ಬರು ಮಗುವಿನ ಮುಖವನ್ನು ನೀರಿನಿಂದ ಮೇಲೆ ಹಿಡಿಯಲು ಯತ್ನಿಸುತ್ತಿರುವಾಗಲೇ ಇನ್ನೊಬ್ಬರು ಸ್ವಿಚ್ಚಿನತ್ತ ಓಡಬೇಕು.

ವಿದ್ಯುತ್ತಿನ ಅಪಾಯ

‘ಫ್ಯೂಜ್ ಇದೆ, ಭಯವಿಲ್ಲ’ ಎಂಬ ಮಾತು ತಪ್ಪು. ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಐದಾರು ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. ಅದರ ಫ್ಯೂಜ್ ಇದಕ್ಕಿಂತ ಹೆಚ್ಚಿನ ಪ್ರವಾಹಕ್ಕೆ ಮಾತ್ರ ಕರಗುತ್ತದೆ. ಆದರೆ ಮನುಷ್ಯನ ಪ್ರಾಣ ತೆಗೆಯಲು ಆಂಪಿಯರಿನ ಹತ್ತನೆಯ ಒಂದು ಭಾಗವೂ ಸಾಕು. ಫ್ಯೂಜ್ ತಂತಿಯನ್ನು ಕಾಯುತ್ತದೆ, ಮಗುವನ್ನಲ್ಲ. ಮಗುವನ್ನು ಕಾಯುವುದು ಸರಿಯಾದ ಅರ್ಥಿಂಗ್ ಹಾಗೂ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿದುಬಿಡುವ ಆರ್‌ಸಿಸಿಬಿ. ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ವಿದ್ಯುತ್ ಹೋಗದಿದ್ದರೆ ಅದನ್ನು ಬದಲಿಸಬೇಕು.

2019 ಮತ್ತು 2021ರ ಮಹಾಪೂರಗಳನ್ನು ನಾವು ಕಂಡಿದ್ದೇವೆ. ಪೂರದಲ್ಲಿ ಮುಳುಗಿದ ಮೋಟಾರು ಹೊರಗೆ ಒಣಗಿದಂತೆ ಕಂಡರೂ ಒಳಗಿನ ಸುರುಳಿಯಲ್ಲಿ ತೇವವಿರುತ್ತದೆ. ತಿಳಿದವರು ಮೆಗ್ಗರ್‌ನಿಂದ ಪರೀಕ್ಷಿಸುವವರೆಗೆ ಅದನ್ನು ಚಾಲೂ ಮಾಡಬಾರದು.

ನಿರ್ವಹಣೆಯ ಕ್ರಮ

1. ಕಸದ ಬುಟ್ಟಿಯನ್ನು ದಿನವೂ ತೊಳೆಯಬೇಕು. ತೆರೆಯುವ ಮುನ್ನ ಪಂಪು ನಿಲ್ಲಿಸಿ, ಮುಖ್ಯ ಸ್ವಿಚ್ ಆರಿಸಿ, ವಾಲ್ವುಗಳನ್ನು ಮುಚ್ಚಬೇಕು.
2. ಮುಚ್ಚಳ ಹಾಕುವ ಮುನ್ನ ಬುಟ್ಟಿಯ ಪಾತ್ರೆಯಲ್ಲಿ ನೀರು ತುಂಬಿ, ರಬ್ಬರಿನ ರಿಂಗು ಸರಿಯಿದೆಯೇ ಎಂದು ನೋಡಬೇಕು. ಬಳಿಕ ಮುಚ್ಚಿದ ವಾಲ್ವುಗಳನ್ನು ತೆರೆದೇ ಪಂಪು ಚಾಲೂ ಮಾಡಬೇಕು. ನೀರಿಲ್ಲದೆ ತಿರುಗಿದ ಪಂಪಿನ ಸೀಲು ಕಾದು ಸುಟ್ಟು ಸೋರತೊಡಗುತ್ತದೆ.
3. ಶೋಧಕದ ಒತ್ತಡಮಾಪಕವನ್ನು ದಿನವೂ ಓದಬೇಕು. ಒತ್ತಡ ಏರುತ್ತಿದ್ದರೆ ಮರಳಿನಲ್ಲಿ ಕೊಳೆ ತುಂಬಿದೆಯೆಂದು ಅರ್ಥ. ನೀರನ್ನು ತಿರುವುಮುರುವಾಗಿ ಹರಿಸಿ ತೊಳೆಯಬೇಕು. ಪಂಪು ನಡೆಯುತ್ತಿರುವಾಗ ಶೋಧಕದ ಮುಚ್ಚಳವನ್ನಾಗಲಿ ವಾಲ್ವಿನ ಹಿಡಿಕೆಯನ್ನಾಗಲಿ ಮುಟ್ಟಬಾರದು.
4. ಬ್ಲೀಚಿಂಗ್ ಪುಡಿಯನ್ನು ಆಮ್ಲದೊಡನೆ ಎಂದಿಗೂ ಬೆರೆಸಬಾರದು, ಒಂದೇ ಕೋಣೆಯಲ್ಲಿ ಒಟ್ಟಿಗೆ ಇಡಬಾರದು. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.
5. ಪಂಪಿನ ಕೋಣೆಗೆ ಬೀಗವಿರಬೇಕು. ಆದರೆ ತುರ್ತು ಸ್ವಿಚ್ ಕೊಳದ ಬಳಿ, ಎಲ್ಲರಿಗೂ ಕಾಣುವಂತೆ ಹೊರಗಿರಬೇಕು.

ತರಗತಿಯಲ್ಲಿ ಬಳಕೆ

ಗಣಿತ: 25 ಮೀಟರ್ ಉದ್ದ, 12 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳದ ಕೊಳದಲ್ಲಿ 450 ಘನ ಮೀಟರ್, ಅಂದರೆ 4,50,000 ಲೀಟರ್ ನೀರಿರುತ್ತದೆ. ಗಂಟೆಗೆ 75 ಘನ ಮೀಟರ್ ನೀರು ಸಾಗಿಸುವ ಪಂಪಿಗೆ ಒಂದು ಸುತ್ತಿಗೆ ಎಷ್ಟು ಗಂಟೆ ಬೇಕು? (6 ಗಂಟೆ.)

ಭಾಷೆ: ನಮ್ಮ ಮಕ್ಕಳು ಹೊರಗೆ ಓದುವ ಫಲಕಗಳು ಮರಾಠಿಯಲ್ಲಿರುತ್ತವೆ. ಪಠ್ಯದ ‘ಈಜುಕೊಳ’ವು ಅಲ್ಲಿ ‘ಜಲತರಣ ತಲಾವ’. ಮರಾಠಿಯ ‘ಧೋಕಾ’ ಅಪಾಯವನ್ನು ಸೂಚಿಸಿದರೆ, ಹಿಂದಿಯಲ್ಲಿ ಅದೇ ಪದಕ್ಕೆ ವಂಚನೆ ಎಂಬ ಅರ್ಥ. ಮೂರು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು. ಕನ್ನಡ ಮತ್ತು ಮರಾಠಿ ಎರಡರಲ್ಲೂ ಸುರಕ್ಷತಾ ಫಲಕವನ್ನು ಮಕ್ಕಳಿಂದಲೇ ಬರೆಯಿಸಿ, ಶಾಲೆಯ ನೀರಿನ ಮೋಟಾರಿನ ಬಳಿ ತೂಗುಹಾಕಬಹುದು.

ಉಪಸಂಹಾರ

ಹೆಚ್ಚಿನ ಶಾಲೆಗಳಲ್ಲಿ ಈಜುಕೊಳವಿಲ್ಲ. ಆದರೆ ನೀರಿನ ಟಾಕಿಗೆ ಮೋಟಾರು ಇದ್ದೇ ಇದೆ. ಒದ್ದೆ ಕೈಯ ವಿದ್ಯಾರ್ಥಿಯನ್ನು ‘ಹೋಗಿ ಮೋಟಾರು ಚಾಲೂ ಮಾಡು’ ಎಂದು ಕಳುಹಿಸುವ ರೂಢಿಯನ್ನು ನಾವು ಇಂದೇ ಬಿಡಬೇಕು. ಮುಂದಿನ ಶಿಬಿರದಲ್ಲಿ ಕೊಳವನ್ನು ತಲುಪಿದ ಕೂಡಲೇ, ಮಕ್ಕಳು ನೀರಿಗೆ ಇಳಿಯುವ ಮುನ್ನ, ಎರಡು ಪ್ರಶ್ನೆಗಳನ್ನು ಕೇಳೋಣ: ಜಾಲರಿಗಳೆಲ್ಲ ಗಟ್ಟಿಯಾಗಿವೆಯೇ? ಪಂಪಿನ ಸ್ವಿಚ್ ಎಲ್ಲಿದೆ? ಉತ್ತರವನ್ನು ಕಣ್ಣಾರೆ ಕಂಡ ಮೇಲೆಯೇ ಮಕ್ಕಳನ್ನು ನೀರಿಗೆ ಇಳಿಸೋಣ.