ಕಾಡು ಕಡಿದಷ್ಟೂ ತುಂಬುವ ಖಜಾನೆ: ಏನಿದು ‘ಕ್ಯಾಂಪಾ’ ದುಡ್ಡು?

ಕಾಡು ಉಳಿಸೋಕೆ ಸರ್ಕಾರದ ಹತ್ತಿರ ದುಡ್ಡಿಲ್ಲ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. 2019ರ ಆಗಸ್ಟ್‌ನಲ್ಲಿ ಅಂದಿನ ಕೇಂದ್ರ ಪರಿಸರ ಸಚಿವ ಪ್ರಕಾಶ್ ಜಾವಡೇಕರ್ ರಾಜ್ಯಗಳಿಗೆ ಒಂದೇ ಸಲಕ್ಕೆ 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ಕೊಟ್ಟರು. ಕರ್ನಾಟಕಕ್ಕೆ ಬಂದದ್ದು ಸುಮಾರು 1,350 ಕೋಟಿ. ತಕರಾರು ಇರೋದು ಈ ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿ ಖರ್ಚಾಗಬೇಕು ಅಂತ ಯಾರು ತೀರ್ಮಾನಿಸ್ತಾರೆ ಅನ್ನೋದರಲ್ಲಿ.

ಇದು ತೆರಿಗೆ ಹಣ ಅಲ್ಲ. ಗಣಿ, ಅಣೆಕಟ್ಟು, ಹೆದ್ದಾರಿಗೆ ಅರಣ್ಯ ಭೂಮಿ ಬೇಕು ಅಂದವರು ಬೇರೆ ಕಡೆ ಗಿಡ ನೆಡೋ ಖರ್ಚು ಕಟ್ಟಬೇಕು. ಜೊತೆಗೆ ಕಳೆದುಹೋಗುವ ಕಾಡಿಗೊಂದು ಬೆಲೆಯನ್ನೂ ಕಟ್ಟಬೇಕು. 2022ರ ಪರಿಷ್ಕರಣೆಯ ಪ್ರಕಾರ ಆ ಬೆಲೆ ಹೆಕ್ಟೇರಿಗೆ ಸುಮಾರು 9.5 ಲಕ್ಷದಿಂದ 16 ಲಕ್ಷ ರೂಪಾಯಿ. ಬೆಂಗಳೂರಿನಲ್ಲಿ ಈ ದುಡ್ಡಿಗೆ ಒಂದು ಸೈಟೂ ಸಿಗಲ್ಲ, ಅದು ಬೇರೆ ಮಾತು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಇದಕ್ಕೆ ಪ್ರತ್ಯೇಕ ನಿಧಿ ಬೇಕು ಎಂದಿತು. 2016ರಲ್ಲಿ ಕಾಯ್ದೆ ಆಯಿತು, 2018ರಲ್ಲಿ ಜಾರಿಗೆ ಬಂತು. ಶೇ 90ರಷ್ಟು ಪಾಲು ರಾಜ್ಯಗಳಿಗೆ, ಉಳಿದದ್ದು ಕೇಂದ್ರಕ್ಕೆ.

ಬೆಂಬಲಿಸುವವರ ವಾದವೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಈ ವ್ಯವಸ್ಥೆ ಇಲ್ಲದಿದ್ದರೆ ಕಂಪನಿಗಳಿಗೆ ಕಾಡು ಬಿಟ್ಟಿಯಾಗಿ ಸಿಕ್ತಿತ್ತು. ಅರಣ್ಯ ಇಲಾಖೆಗಳ ಬಜೆಟ್ ಮೊದಲೇ ಕಮ್ಮಿ. ಆದರೆ ಈ ನಿಧಿ ಬೆಳೆಯಬೇಕು ಅಂದ್ರೆ ಎಲ್ಲೋ ಒಂದು ಕಾಡು ಹೋಗಬೇಕು. ಅರಣ್ಯ ಕಾಯುವ ಇಲಾಖೆಯ ಆದಾಯ ಅರಣ್ಯ ನಾಶಕ್ಕೆ ಗಂಟುಬಿದ್ದಿದೆ.

ಪರ್ಯಾಯ ಕಾಡಾದರೂ ಬೆಳೀತಾ? 2006ರಿಂದ 2012ರ ಅವಧಿಯ ಲೆಕ್ಕ ನೋಡಿದ ಸಿಎಜಿ 2013ರ ವರದಿಯಲ್ಲಿ ಹೇಳಿದ್ದು ಇಷ್ಟು: ಅರಣ್ಯಕ್ಕೆ ಬದಲಿಯಾಗಿ 1.03 ಲಕ್ಷ ಹೆಕ್ಟೇರ್ ಭೂಮಿ ಸಿಗಬೇಕಿತ್ತು, ಸಿಕ್ಕಿದ್ದು 28 ಸಾವಿರ ಹೆಕ್ಟೇರ್. ಅದರಲ್ಲಿ ಗಿಡ ನೆಟ್ಟದ್ದು ಸುಮಾರು 7,280 ಹೆಕ್ಟೇರಿನಲ್ಲಿ. ಇತ್ತೀಚೆಗೆ, 2025ರಲ್ಲಿ, ಉತ್ತರಾಖಂಡದ ಬಗ್ಗೆ ಬಂದ ಸಿಎಜಿ ವರದಿಯಲ್ಲಿ ಇದೇ ದುಡ್ಡಲ್ಲಿ ಐಫೋನ್, ಲ್ಯಾಪ್‌ಟಾಪ್, ಫ್ರಿಡ್ಜ್ ಕೊಂಡ ವಿಷಯ ಹೊರಬಿತ್ತು.

ಫ್ರಿಡ್ಜ್ ಸುದ್ದಿ ವೈರಲ್ ಆಗುತ್ತೆ. ಅದಕ್ಕಿಂತ ದೊಡ್ಡ ಗಲಾಟೆ 2016ರಲ್ಲಿ ರಾಜ್ಯಸಭೆಯಲ್ಲಿ ಆಗಿತ್ತು. ಗಿಡ ನೆಡುವ ಮುಂಚೆ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು ಅಂತ ಕಾಂಗ್ರೆಸ್‌ನ ಜೈರಾಮ್ ರಮೇಶ್ ತಿದ್ದುಪಡಿ ತಂದರು. ನಿಯಮಗಳಲ್ಲಿ ಈ ಆತಂಕಕ್ಕೆ ಉತ್ತರ ಕೊಡ್ತೀವಿ ಅಂತ ಆಗಿನ ಸಚಿವ ಅನಿಲ್ ಮಾಧವ್ ದವೆ ಭರವಸೆ ಕೊಟ್ಟ ಮೇಲೆ ಅದನ್ನು ವಾಪಸ್ ಪಡೆದರು. 2018ರ ನಿಯಮಗಳಲ್ಲಿ ಬಂದದ್ದು ‘ಒಪ್ಪಿಗೆ’ ಅಲ್ಲ, ‘ಸಮಾಲೋಚನೆ’. ಅದೂ ಗ್ರಾಮಸಭೆ ಅಥವಾ ಗ್ರಾಮ ಅರಣ್ಯ ಸಮಿತಿಯ ಜೊತೆ. ಈ ಸಮಿತಿಗಳನ್ನು ರಚಿಸೋದೇ ಅರಣ್ಯ ಇಲಾಖೆ!

ಒಂದು ಪದದ ವ್ಯತ್ಯಾಸ ಅಂತ ಅನ್ನಿಸಬಹುದು. ಆದರೆ ಇಲಾಖೆಯ ಕಣ್ಣಿಗೆ ಖಾಲಿ ಕಾಣುವ ಜಾಗ ಕುರಿ ಮೇಯಿಸುವವರಿಗೆ ಹುಲ್ಲುಗಾವಲು. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕಾಯ್ತಿರುವ ಕುಟುಂಬಕ್ಕೆ ಅದು ಹೊಲ. ಅಲ್ಲಿ ಬೇಲಿ ಹಾಕಿ ಸಸಿ ನೆಟ್ಟರೆ ದಾಖಲೆಯಲ್ಲಿ ಹಸಿರು ಹೆಚ್ಚುತ್ತೆ, ಊರಿನವರು ಅತಿಕ್ರಮಣದಾರರಾಗ್ತಾರೆ.

ನಮ್ಮಲ್ಲೂ ಪಕ್ಷಗಳ ನಿಲುವು ಜಾಗಕ್ಕೆ ತಕ್ಕಂತೆ ಬದಲಾಗುತ್ತೆ. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಸಂಡೂರಿನ ದೇವದಾರಿ ಗಣಿ ಯೋಜನೆಯ ಕಡತಕ್ಕೆ ಸಹಿ ಹಾಕಿದರು. ಕೆಐಒಸಿಎಲ್ ಕುದುರೆಮುಖದ ಹಳೆಯ ಷರತ್ತುಗಳನ್ನೇ ಪೂರೈಸಿಲ್ಲ, ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಅಂತ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು. ಸರಿಯಾದ ಪ್ರಶ್ನೆಯೇ. ಆದರೆ ಅದೇ ರಾಜ್ಯ ಸರ್ಕಾರ ಸಿಂಗಳೀಕಗಳ ನೆಲೆಯಾದ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಪಟ್ಟು ಹಿಡಿದಿದೆ. ಅಲ್ಲೂ ಕಾಡಿಗೆ ಬೆಲೆ ಕಟ್ಟಲಾಗುತ್ತೆ, ಅಲ್ಲೂ ಬದಲಿ ಗಿಡ ನೆಡುವ ಮಾತಿದೆ.

ರಾಜ್ಯದ ಕ್ಯಾಂಪಾ ಆಡಳಿತ ಮಂಡಳಿಗೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಹಣ ಎಲ್ಲಿ ಹೋಗುತ್ತೆ ಅನ್ನೋದು ಪ್ರತಿ ವರ್ಷದ ಕಾರ್ಯಯೋಜನೆಯಲ್ಲಿ ಇರುತ್ತೆ. ನಿಮ್ಮ ತಾಲ್ಲೂಕಿನ ಯಾವ ಸರ್ವೆ ನಂಬರಿನಲ್ಲಿ ಯಾವ ಗಿಡ ನೆಟ್ಟಿದ್ದಾರೆ, ನೆಡುವ ಮುಂಚೆ ಯಾರ ಜೊತೆ ‘ಸಮಾಲೋಚನೆ’ ನಡೆಸಿದ್ದಾರೆ ಅಂತ ಆರ್‌ಟಿಐ ಹಾಕಿ ಕೇಳಬಹುದು.